ಎಡಗಡೆ ಗ್ಲಾಸು

ಮಾರ್ಚ್ 3, ಬೆಳಿಗ್ಗೆ 7

ಕಾರು ಒರೆಸಿದ್ದಾಯಿತು. ಎಡಗಡೆ ಗ್ಲಾಸ್ ಇವತ್ತೂ ಇಳಿಯಲಿಲ್ಲ. ಸ್ವಿಚ್ ಒತ್ತಿದರೆ ಒಳಗೆ ಗುಂಯ್ ಅನ್ನುತ್ತದೆ, ಅಷ್ಟೇ. ಹದಿನಾರು ವರ್ಷದ ಗಾಡಿ, ಅಪ್ಪ ಕೊಂಡದ್ದು. ಎ.ಸಿ. ಸತ್ತು ಎಷ್ಟು ಕಾಲವಾಯಿತೋ. ಗ್ಲಾಸ್ ಮುಚ್ಚಿದ್ದರೆ ಚನ್ನಗಿರಿ ದಾಟುವುದರೊಳಗೆ ಅವ್ವನಿಗೆ ವಾಂತಿ. ಬಸ್ಸು ಹತ್ತೋಣವೆಂದರೆ ಮಂಡಿ ಕೇಳುವುದಿಲ್ಲ.

ತಂಗಿ ರೂಪಶ್ರೀಗೆ ಒಂಬತ್ತನೇ ತಿಂಗಳು. ಎರಡು ಸಲ ಬಸಿರು ನಿಲ್ಲದೆ ಹೋಯಿತು, ಇದು ಮೂರನೆಯದು. ಪ್ರಯಾಣ ಬೇಡ ಎಂದಿದ್ದಾರೆ ಡಾಕ್ಟರು. ಅವಳು ತವರಿಗೆ ಬರುವ ಹಾಗಿಲ್ಲ, ಅವ್ವನೇ ನ್ಯಾಮತಿಗೆ ಹೋಗಬೇಕು. ಹದಿನಾಲ್ಕಕ್ಕೆ ಡೇಟ್.

ಮಾರ್ಚ್ 5

ಮೆಕ್ಯಾನಿಕ್ ಕೊಟ್ರೇಶನಿಗೆ ಫೋನ್. ‘ನಾಳೆ’ ಅಂದ. ಮೊನ್ನೆಯೂ ನಾಳೆಯೇ. ಚೈತ್ರಾ ಅಡುಗೆಮನೆಯಿಂದಲೇ, “ಏನ್ರೀ, ಇವನು ಬರಾದ್ರೊಳಗೆ ಆ ಮಗು ಸ್ಕೂಲಿಗೆ ಹೋಗಿರ್ತೈತೆ” ಅಂದಳು. ಹೆಂಡತಿಗೇನು, ಆಡುವುದು ಸುಲಭ.

ಅವ್ವ ಆಗಲೇ ಸೆರಗಿನ ತುದಿಗೆ ನಾಣ್ಯ ಕಟ್ಟಿಕೊಂಡಿದ್ದಾಳೆ. ಹೊನ್ನಾಳಿ ಸೇತುವೆ ಬಂದ ಕೂಡಲೇ ಗ್ಲಾಸ್ ಪೂರ್ತಿ ಇಳಿಸುವುದು, ನಾಣ್ಯ ಹಣೆಗೊತ್ತಿ, ಕಣ್ಣು ಮುಚ್ಚಿ ಹೊಳೆಗೆ ಹಾಕುವುದು. ರೂಪಾಳನ್ನು ನ್ಯಾಮತಿಗೆ ಕೊಟ್ಟಾಗಿನಿಂದ ಇದೇ, ಅವಳ ಮಡಿಲು ತುಂಬಲಿ ಅಂತ. ಆಮೇಲೆ, “ಬಿದ್ದ ಸದ್ದು ಕೇಳ್ತು. ಗಂಗವ್ವ ತಗಂಡ್ಳು.” ಓಡುವ ಕಾರಿನಿಂದ, ಅಷ್ಟು ಎತ್ತರದಿಂದ, ಸದ್ದಂತೆ! ನಾನು ವಾದಕ್ಕೆ ಹೋಗುವುದಿಲ್ಲ. ಗೇರ್ ಬದಲಿಸುತ್ತೇನೆ.

ಮಾರ್ಚ್ 8, ಸಂಜೆ

ಅಂತೂ ಬಂದ ಮಹಾನುಭಾವ. ಡೋರ್ ಪ್ಯಾಡ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟವನು ನಗಲು ಶುರುಮಾಡಿದ.

“ಗುರಣ್ಣ, ಇದು ಡೋರೋ, ಹುಂಡಿನೋ?”

ಬಗ್ಗಿ ನೋಡಿದೆ. ತಳದ ತುಂಬ ನಾಣ್ಯ. ಮಣ್ಣು, ತುಕ್ಕು, ನಾಣ್ಯ. ಗ್ಲಾಸಿನ ಪಕ್ಕದ ರಬ್ಬರ್ ಒಣಗಿ ಬಾಯಿ ಬಿಟ್ಟಿದೆ, ಎಲ್ಲ ಅಲ್ಲೇ ಜಾರಿವೆ. “ಇದೊಂದು ಹಲ್ಲಿನ ಚಕ್ರಕ್ಕೆ ಸಿಕ್ಕೈತೆ ನೋಡ್ರಿ. ಮೋಟರ್ ಪಾಪ ಏನ್ ಮಾಡ್ತೈತೆ?”

ನನಗೆ ನಗು ಬರಲಿಲ್ಲ. ಅವ್ವ ಕೇಳಿದ ಸದ್ದು ಸುಳ್ಳಲ್ಲ. ಡೋರಿನ ತಗಡಿಗೆ ಬಿದ್ದ ಸದ್ದು ಅದು. ಹರಕೆಯ ನಾಣ್ಯ ಹೊಳೆ ಮುಟ್ಟಿಯೇ ಇಲ್ಲ. ಅವ್ವನಿಗೆ ಗೊತ್ತಾದರೆ ಆ ಎರಡು ಯಾಕೆ ನಿಲ್ಲಲಿಲ್ಲ ಎಂದು ತಾನೇ ತೀರ್ಮಾನ ಮಾಡಿ, ಪಾಪವನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾಳೆ. ಸಾಯುವ ತನಕ.

ಯಾರಿಗೂ ಹೇಳಬೇಡ ಮಾರಾಯ ಅಂದೆ. ಹೊಸ ರಬ್ಬರ್ ಹಾಕಿದ. ಗ್ಲಾಸ್ ಬೆಣ್ಣೆಯ ಹಾಗೆ ಇಳಿಯುತ್ತದೆ.

ಮಾರ್ಚ್ 9

ಟ್ರಯಲ್ ನೋಡಿ ಬರುತ್ತೇನೆ ಅಂತ ಹೇಳಿ ಒಬ್ಬನೇ ಹೊನ್ನಾಳಿಗೆ ಹೋದೆ. ಸೇತುವೆ ಮೇಲೆ ನಿಂತು, ಡೋರಿನಿಂದ ತೆಗೆದ ನಾಣ್ಯದ ಚೀಲ ಬಗ್ಗಿಸಿದೆ. ಲಾರಿಗಳ ಗದ್ದಲ, ಏನೂ ಕೇಳಲಿಲ್ಲ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ಒಂದಾದರೂ ಉಳಿದಿದೆಯಾ ಎಂದು ಚೀಲ ಎರಡು ಸಲ ಕೊಡವಿ ನೋಡಿದೆ.

ಮಾರ್ಚ್ 12, ಮಧ್ಯಾಹ್ನ 3. ನ್ಯಾಮತಿ, ಆಸ್ಪತ್ರೆ

ಬೆಳಿಗ್ಗೆ ರೂಪಾಳ ಗಂಡನ ಫೋನ್. ನೋವು ಶುರುವಾಗಿದೆ. ಹೊರಟೆವು.

ಸೇತುವೆ ಮೇಲೆ ಕಾರು ನಿಲ್ಲಿಸಿದೆ. ಹೊಸ ರಬ್ಬರನ್ನೂ ನಂಬುವ ಧೈರ್ಯವಿರಲಿಲ್ಲ.

“ಇಳಿ ಅವ್ವಾ. ಕೈಯಾರೆ ಹಾಕು.”

“ಯಾವತ್ತೂ ಇಲ್ದಿದ್ದು, ಇವತ್ತೇನೋ?”

ತೋಳು ಹಿಡಿದು ಕಟಾಂಜನದವರೆಗೆ ನಡೆಸಿದೆ. ಕಣ್ಣು ಮುಚ್ಚಿ ಹಾಕಿದಳು. ಹಾಗೇ ನಿಂತಳು. ಎಷ್ಟು ಹೊತ್ತಾದರೂ ಕಣ್ಣು ತೆರೆಯಲೊಲ್ಲಳು.

“ಸದ್ದೇ ಬರ್ಲಿಲ್ಲಲ್ಲೋ ಗುರು.”

ಮುಖ ಬಾಡಿಹೋಯಿತು. ಲಾರಿ ಸದ್ದು ಅವ್ವಾ, ಅಂದೆ. ಆಮೇಲೆ ಇಲ್ಲಿಯ ತನಕ ಹೊಳೆಯ ಕಡೆಗೇ ತಿರುಗಿ ಕೂತಿದ್ದಳು. ಗ್ಲಾಸ್ ಪೂರ್ತಿ ಇಳಿದಿತ್ತು, ವಾಂತಿಯೂ ಇಲ್ಲ. ರಿಪೇರಿಯಂತೆ, ರಿಪೇರಿ! ನನ್ನ ಬುದ್ಧಿಗಿಷ್ಟು.

4.10

ಹೆರಿಗೆ ಕೋಣೆ ಬಾಗಿಲು ಮುಚ್ಚಿದೆ. ‘ಸ್ವಲ್ಪ ಕಷ್ಟ ಐತೆ, ನೋಡ್ತೀವಿ’ ಎಂದು ಹೇಳಿ ಒಳಗೆ ಹೋದರು ಡಾಕ್ಟರು. ಬೆಂಚಿನ ಮೇಲೆ ಅವ್ವ ಖಾಲಿ ಸೆರಗಿನ ತುದಿ ಹಿಸುಕುತ್ತಾ ಕೂತಿದ್ದಾಳೆ. “ಗಂಗವ್ವ ತಗಂಡಿಲ್ಲ ಅನ್ಸತೈತೆ.” ನಿಜ ಹೇಳಿದರೆ ಇದಕ್ಕಿಂತ ಕೆಡುಕು.

“ನಂಗೆ ಕೇಳ್ತು ಅವ್ವಾ.”

“ಏನು?”

“ಬಿದ್ದ ಸದ್ದು. ನೀನು ಏನೋ ಬೇಡ್ಕಂತಿದ್ದೆ, ಅದ್ಕೆ ಕೇಳ್ಲಿಲ್ಲ.”

“ನಿಜಾನಾ?”

“ನಿನ್ನಾಣೆ.”

ಹೆತ್ತವಳ ಮೇಲೆ ಸುಳ್ಳು ಆಣೆ. ನಂಬದವನಿಗೆ ತಟ್ಟುವುದಿಲ್ಲ ಅಂದುಕೊಂಡೆ. ತುಂಬ ಭಯವಾಗುತ್ತಿದೆ. ಅವ್ವ ಗೋಡೆಗೊರಗಿದಳು. ಸೆರಗು ಬಿಟ್ಟಿದ್ದಾಳೆ.

4.35

ಬಾಗಿಲು ಸ್ವಲ್ಪ ತೆರೆದಿದೆ. “ರೂಪಶ್ರೀ ಕಡೇರು ಯಾರ್ರೀ?” ಮಂಡಿ ಹಿಡಿದುಕೊಳ್ಳದೆ ಎದ್ದುಬಿಟ್ಟಳು ಅವ್ವ. ನನ್ನ ತೋಳು ಎಳೆಯುತ್ತಿದ್ದಾಳೆ. “ಗುರು, ಮಗು ಅಳಾದು ಕೇಳ್ತೇನೋ?”

ಕೇಳಿತು. ಈ ಸಲ ನನಗೂ.