ನಾಲ್ಕನೇ ನೋಟ್‌ಬುಕ್ಕಿನ ಅರವತ್ತೊಂದನೇ ಹಾಳೆ

ಕೈಲಾಂಚ
14-9-2025

ಮಗಳು ಅನುಷಾಗೆ ಅಪ್ಪ ಚಿಕ್ಕರಾಜು ಬರೆಯುವುದು.

ನೀನು ಕೇಳಿದ ನೋಟ್‌ಬುಕ್ಕುಗಳು ಈ ಚೀಲದಲ್ಲಿವೆ. ಕಳಿಸುವ ಮೊದಲು ಒಮ್ಮೆ ಕೂಡಿ ನೋಡಿದೆ. ನೋಟ್‌ಬುಕ್ಕು ಆರು. ನೀನು ಬಣ್ಣದ ಕ್ಯೂಬ್ ತಿರುಗಿಸಿ ಬಿಡಿಸಿದ್ದು, ನಾನು ಪಕ್ಕದಲ್ಲಿ ಕೂತು ಸೆಕೆಂಡು ಬರೆದದ್ದು ಹದಿನೆಂಟು ಸಾವಿರದ ನಾನೂರ ಆರು ಸಲ. ಸವೆದುಹೋದ ಕ್ಯೂಬ್ ಹನ್ನೊಂದು. ಸ್ಪರ್ಧೆಗೆಂದು ನಾನು ತಪ್ಪಿಸಿದ ಸಂತೆ ಮೂವತ್ತೊಂದು. ನಿನ್ನ ಗೆಳತಿ ಒಬ್ಬಳು. ಈ ಕೊನೆಯ ಬಾಬ್ತನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದಕ್ಕೇ ಈ ಕಾಗದ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯೆ. ಇಪ್ಪತ್ತಾರು ವರ್ಷ ಕುರಿ ಸಂತೆಯಲ್ಲಿ ದಲ್ಲಾಳಿಯಾಗಿ ಬಾಯಿಂದಲೇ ಬದುಕಿದವನು ನಾನು. ಹಲ್ಲು ಸವೆದ ಟಗರನ್ನು ಎಳೆಯದೆಂದು ನಂಬಿಸಿ ಸಾಗಹಾಕಿದ್ದೇನೆ. ಬಾಯಿಗೆ ಬಿಟ್ಟರೆ ಇದನ್ನೂ ನನ್ನ ಲಾಭಕ್ಕೆ ತಿರುಗಿಸಿಬಿಡುತ್ತೇನೆ. ಕಾಗದದ ಮೇಲೆ ಒಸಿ ಕಷ್ಟ.

ಮುಂದಿನ ತಿಂಗಳು ಸ್ಪರ್ಧೆಯಲ್ಲಿ ಆಡಬಾರದೆಂದು ನಿನ್ನ ಮೇಲಿರುವ ನಿಷೇಧ ಮುಗಿಯುತ್ತದೆ. ಮಾಗಡಿಯ ಬಾಡಿಗೆ ಕೋಣೆಯಲ್ಲಿ ಹಳೆಯ ಆಟಗಳನ್ನೆಲ್ಲ ಮತ್ತೆ ಬಿಡಿಸಿ ಬೆರಳನ್ನು ಹದ ಮಾಡಿಕೊಳ್ಳಬೇಕು ಎಂದೆ. ಹಾಗಾದರೆ ನಾಲ್ಕನೇ ಪುಸ್ತಕದ ಅರವತ್ತೊಂದನೇ ಹಾಳೆಗೂ ಬರುತ್ತೀಯ. ಅಲ್ಲಿನ ಮೂರನೆಯ ಸಾಲಿನಂತೆ ಕ್ಯೂಬಿನ ಬಣ್ಣ ಕಲಸಿದ ಕೂಡಲೆ, ಆ ವಿಡಿಯೊದಲ್ಲಿ ಊರೆಲ್ಲ ನೋಡಿದ ಬಣ್ಣಗಳೇ ನಿನ್ನ ಕೈಯಲ್ಲಿರುತ್ತವೆ. ಹಾಳೆ ಹರಿದುಹಾಕೋಣ ಎಂದು ನೋಡಿದೆ. ಆದರೆ ಪ್ರತಿ ಆಟಕ್ಕೂ ನಂಬರು ಹಾಕಿಟ್ಟಿದ್ದೇನೆ. ಹರಿದರೆ ಇಪ್ಪತ್ತೆರಡು ನಂಬರು ಮಾಯವಾದದ್ದು ಕಾಣುತ್ತದೆ. ನಾನು ಬರೆದಿಟ್ಟ ಲೆಕ್ಕವೇ ನನ್ನ ಕತ್ತು ಹಿಡಿಯಿತು.

ಈ ಆಟವನ್ನು ನಮ್ಮ ಮನೆಗೆ ತಂದವಳು ಶಬ್ನಮ್. ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಮುನ್ನೀಯ ಮಗಳು, ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದವಳು. ಅವಳು ಕಲಿಸಿದಳು, ವರ್ಷದೊಳಗೆ ನೀನು ಅವಳನ್ನು ಮೀರಿದೆ. ಅವಳು ಕರುಬಲಿಲ್ಲ. ನೀನು ಮೊದಲ ಸಲ ಹತ್ತು ಸೆಕೆಂಡಿನ ಕೆಳಗೆ ಬಂದ ದಿನ ನಿನಗಿಂತ ಹೆಚ್ಚು ಕುಣಿದವಳು ಅವಳೇ. ಕೊಟ್ಟಿಗೆಯ ಮರಿಗಳೆಲ್ಲ ಬೆದರಿ ಮೂಲೆ ಸೇರಿದ್ದವು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನಲ್ಲಿ ನಿನಗಾಗಿ ಕಲಿತದ್ದು ಆರು ಅಕ್ಷರ, ಕ್ಯೂಬಿನ ಆರು ಮುಖಕ್ಕೆ ಒಂದೊಂದು. ಯಾವ ಮುಖ ತಿರುಗಿಸಬೇಕೆಂಬ ಅವುಗಳ ಸಾಲು ನೋಡಿಕೊಂಡು ನಾನು ಕಲಸಿ ಕೊಡುವುದು, ನೀನು ಬಿಡಿಸುವುದು, ಸಾಲಿನ ಮುಂದೆ ಸೆಕೆಂಡು ಬರೆಯುವುದು. ಹೀಗೆ ಮೂರೂವರೆ ವರ್ಷ ನಡೆಯಿತು. ಚನ್ನಪಟ್ಟಣದಲ್ಲಿ ಎರಡನೆಯವಳಾದೆ. ರಾಮನಗರದಲ್ಲಿ ಎರಡು ಸಲವೂ ಎರಡನೆಯವಳಾದೆ. ನಿನಗೆ ಅದರಿಂದ ಏನೂ ಆಗಲಿಲ್ಲ, ಮುಂದಿನ ಸಲ ನೋಡೋಣ ಅಂದೆ. ಸಂತೆಯಲ್ಲಿ ಇನ್ನೊಬ್ಬ ದಲ್ಲಾಳಿ ಗಂಗಹನುಮಯ್ಯ ನನ್ನನ್ನು ಹಿಡಿದುಕೊಂಡ. "ಏನ್ಲಾ ಚಿಕ್ಕ, ನಿನ್ ಮಗ್ಳು ಅಷ್ಟು ದೂರ ಓಗೋದು ಮೊದ್ಲು ಬಂದೋರ್ಗೆ ಚಪ್ಪಾಳೆ ತಟ್ಟಾಕೇನ್ಲಾ?" ಹತ್ತು ಜನ ನಕ್ಕರು. ನಾನೂ ನಕ್ಕೆ. ವ್ಯಾಪಾರದಲ್ಲಿ ನಗಲೇಬೇಕು. ಮನೆಗೆ ಬಂದ ಮೇಲೂ ಆ ನಗು ಕಿವಿಯಲ್ಲಿತ್ತು.

ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ ಎನ್ನುವುದು ನಿನಗೆ ಗೊತ್ತು. ಕೈ ಮೇಲೆ ಟವೆಲ್ ಹೊದಿಸಿ, ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಟವೆಲ್ ಎತ್ತಿದ ಮೇಲೆ ಅಲ್ಲಿ ಏನೂ ಇರುವುದಿಲ್ಲ, ಸಾಕ್ಷಿಯೂ ಇಲ್ಲ. ಎಲ್ಲ ಆಟವೂ ಹೀಗೇ ನಡೆಯುತ್ತದೆ, ನಮಗೆ ಮಾತ್ರ ಟವೆಲ್ ಸಿಕ್ಕಿಲ್ಲ ಎಂದುಕೊಂಡೆ.

2023ರ ಜೂನ್ ತಿಂಗಳು, ಕನಕಪುರದ ಕಲ್ಯಾಣಮಂಟಪದಲ್ಲಿ ಸ್ಪರ್ಧೆ. ಐದು ಸಲ ಬಿಡಿಸುವ ಅಂತಿಮ ಸುತ್ತಿನಲ್ಲಿ ನಿಮ್ಮ ಗುಂಪಿಗೆ ಕ್ಯೂಬ್ ಕಲಸಿ ಕೊಡುವ ಕೆಲಸ ಶಬ್ನಮ್‌ಗೆ ಬಂದಿದೆಯೆಂದು ನೀನೇ ಊಟ ಮಾಡುತ್ತ ಹೇಳಿದೆ. ನಾನು ನೋಟ್‌ಬುಕ್ಕುಗಳನ್ನು ತಿರುವಿ ನಿನ್ನ ಕೈ ಅತಿ ವೇಗವಾಗಿ ಓಡಿದ ಸಾಲನ್ನು ಹುಡುಕಿದೆ. ಅರವತ್ತೊಂದನೇ ಹಾಳೆ, 4.91. ಸಾಲನ್ನು ಚೀಟಿಗೆ ಇಳಿಸಿಕೊಂಡು ಮುನ್ನೀ ಕೆಲಸ ಮಾಡುವ ಶೆಡ್ಡಿಗೆ ಹೋದೆ. ಮುನ್ನೀ ಬಿಸಿನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕುತ್ತಿದ್ದಳು. ಪಕ್ಕದಲ್ಲಿ ಕೈಜೋಡಿಸುತ್ತಿದ್ದ ಶಬ್ನಮ್‌ಳನ್ನು ಬಾಗಿಲಿಗೆ ಕರೆದು, ಐದನೆಯ ಸಲಕ್ಕೆ ಅಚ್ಚಾದ ಸಾಲಿನ ಬದಲು ಇದನ್ನು ಹಾಕು ಎಂದೆ. ತಮಾಷೆ ಎಂದುಕೊಂಡು ನಕ್ಕಳು. ಆಮೇಲೆ, "ಬ್ಯಾಡ ಅಂಕಲ್. ಅವ್ಳು ಹಂಗೇ ಗೆಲ್ತಾಳೆ" ಅಂದಳು.

ಆಗ ನಾನು ಆಡಿದ ಮಾತನ್ನು ಇದ್ದಂತೆ ಬರೆಯುತ್ತೇನೆ. "ಈ ಸಲ ಗೆಲ್ನಿಲ್ಲ ಅಂದ್ರೆ ಆಟ ಬುಡ್ಸಿ ಲೋಕೇಶಂಗೆ ಕೊಟ್ಬುಡ್ತೀವಿ ಕಣವ್ವ. ಆಸಾಡ ಕಳುದ್ರೆ ಮದ್ವೆ."

ಲೋಕೇಶ, ನಿಮ್ಮವ್ವನ ತಮ್ಮ. ಪಾಪ, ಅವನಿಗೆ ಅಷ್ಟೊತ್ತಿಗಾಗಲೇ ಹೆಣ್ಣು ಗೊತ್ತಾಗಿತ್ತು. ನಮ್ಮ ಮನೆಯಲ್ಲಿ ಅಂಥ ಮಾತೇ ಹುಟ್ಟಿರಲಿಲ್ಲ. ಶಬ್ನಮ್ ಅದನ್ನು ನಂಬಿದಳು. ಕೈ ಒರೆಸಿಕೊಂಡು ಚೀಟಿ ತೆಗೆದುಕೊಂಡಳು.

ಮುಂದಿನದು ನಿನಗೆ ಗೊತ್ತಿರುವುದೇ. ಐದನೆಯ ಸಲ 4.87. ಮಂಟಪವೆಲ್ಲ ಎದ್ದು ನಿಂತಿತು. ನೀನು ನಗಲಿಲ್ಲ, ಎರಡೂ ಅಂಗೈ ತಿರುಗಿಸಿ ನೋಡಿಕೊಂಡೆ. ನಾನು ವಿಡಿಯೊ ಮಾಡಿದೆ. ಸಂತೆಯ ಗ್ರೂಪಿಗೆ, ನೆಂಟರಿಗೆ, ಗಂಗಹನುಮಯ್ಯನಿಗೆ ಎರಡು ಸಲ ಕಳಿಸಿದೆ. ಅದು ಕೈಯಿಂದ ಕೈಗೆ ಹೋಗಿ ಆಟ ಬಲ್ಲ ಯಾರೋ ಒಬ್ಬನಿಗೆ ಮುಟ್ಟಿತು. ಅಚ್ಚಾದ ಸಾಲುಗಳ ಹಾಳೆಗೆ ಕಲಸಿದವರು ಸಹಿ ಹಾಕಿರುತ್ತಾರೆ, ಆಮೇಲೆ ಅದನ್ನು ಎಲ್ಲರಿಗೂ ಕಾಣುವಂತೆ ಇಡುತ್ತಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಅವನು ಹಾಳೆಯನ್ನೂ ವಿಡಿಯೊವನ್ನೂ ಪಕ್ಕಪಕ್ಕ ಇಟ್ಟ. ಬಣ್ಣ ತಾಳೆಯಾಗಲಿಲ್ಲ. ಟವೆಲ್ ಎತ್ತಿ ಊರಿಗೆಲ್ಲ ತೋರಿಸಿದವನು ನಾನೇ.

ಆ ಅಕ್ಟೋಬರಿನಲ್ಲಿ ವಿಚಾರಣೆಗೆ ಕೂತವರ ಮುಂದೆ ಶಬ್ನಮ್ ಹೇಳಿದ್ದು ಎರಡೇ ಮಾತು: ನಾನೇ ಮಾಡಿದೆ, ಅನುಷಾಗೆ ಗೊತ್ತಿಲ್ಲ. ನನ್ನ ಹೆಸರು ಎತ್ತಲಿಲ್ಲ. ನಿನಗೆ ಎರಡು ವರ್ಷ ನಿಷೇಧ, ಅವಳಿಗೆ ಕೊನೆಯತನಕ. ಹೊರಗೆ ಮೆಟ್ಟಿಲ ಮೇಲೆ ನೀನು ಅವಳಿಗೆ, "ನನ್ ಕೈಗೆ ಕಳ್ತನ ಹಚ್ಬುಟ್ಟೆ. ಇನ್ಮ್ಯಾಕೆ ನನ್ ಪಾಲ್ಗೆ ನೀನು ಸತ್ತೋದೆ" ಅಂದೆ. ಅವಳು ನನ್ನ ಕಡೆ ನೋಡಿದಳು. ನಾನು ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರನ್ನೋ ಕೇಳುತ್ತಿದ್ದೆ.

ಆಮೇಲೆ ಅವಳು ಎರಡು ಸಲ ನಮ್ಮ ಮನೆಗೆ ಬಂದಳು. ನಿನಗೆ ಅವಳ ಮುಖ ನೋಡಲು ಇಷ್ಟವಿಲ್ಲವೆಂದು ಹೇಳಿ ಕೊಟ್ಟಿಗೆಯ ಹತ್ತಿರದಿಂದಲೇ ವಾಪಸು ಕಳಿಸಿದೆ. ನೀನು ಒಳಗೇ ಇದ್ದೆ. ಆ ಹುಡುಗಿ ಯಾಕೆ ಬರುವುದಿಲ್ಲ ಎಂದು ನಿಮ್ಮವ್ವ ಅಂಬಮ್ಮ ಈಗಲೂ ಕೇಳುತ್ತಾಳೆ.

ಇನ್ನೊಂದು ವಿಷಯ. ಎಲ್ಲ ಮುಗಿದು ಒಂದು ವಾರವಾದ ಮೇಲೆ ಲೆಕ್ಕ ಹಾಕಿ ನೋಡಿದೆ. ಐದರಲ್ಲಿ ಅತಿ ವೇಗದ್ದನ್ನೂ ಅತಿ ನಿಧಾನದ್ದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ಹಿಡಿಯುತ್ತಾರಲ್ಲ. ನಿನ್ನ ಮೊದಲ ನಾಲ್ಕು 7.90, 8.31, 7.62, 8.44. ಮೊದಲೇ ಆಡಿ ಮುಗಿಸಿದ್ದ ಮೈಸೂರಿನ ಹುಡುಗನ ಸರಾಸರಿ 8.35. ಐದನೆಯ ಸಲ ನೀನು ಕ್ಯೂಬನ್ನು ಮುಟ್ಟದೆ ಎದ್ದು ಬಂದಿದ್ದರೂ ಅದೇ ಅತಿ ನಿಧಾನದ್ದೆಂದು ಬಿಟ್ಟುಹೋಗಿ ನಿನ್ನದು 8.22. ನೀನು ಆಗಲೇ ಗೆದ್ದಾಗಿತ್ತು.

ಕಳೆದ ಗುರುವಾರ ಹಾರೋಹಳ್ಳಿಯ ಬಸ್ ನಿಲ್ದಾಣದಲ್ಲಿ ಶಬ್ನಮ್ ಸಿಕ್ಕಳು. ಶನಿವಾರ ಮಕ್ಕಳಿಗೆ ಕ್ಯೂಬ್ ಹೇಳಿಕೊಡುತ್ತಿದ್ದಳಲ್ಲ, ಆ ವಿಡಿಯೊ ನೋಡಿದ ಮೇಲೆ ಹೆತ್ತವರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡರಂತೆ. ಈಗ ಅಲ್ಲಿನ ಒಂದು ಕಾರ್ಖಾನೆಯಲ್ಲಿದ್ದಾಳೆ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಮಡಚಲು ಬರುವುದಿಲ್ಲ. ನಾನು ಬೇರೆ ಕಡೆ ತಿರುಗಿ ನಿಂತಿದ್ದೆ, ಅವಳೇ ಬಂದು ಮಾತಾಡಿಸಿದಳು. "ಅನುಷಾಗೆ ಮದ್ವೆ ಮಾಡ್ಬುಟ್ರಾ ಅಂಕಲ್?"

ಇಲ್ಲ ಅಂದೆ.

"ಹಂಗಾರೆ ಒಳ್ಳೇದೇ ಆಯ್ತು ಬುಡಿ" ಅಂದಳು. ಬಸ್ಸು ಬಂತು, ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದಳು.

ಆ ದಿನದಿಂದ ನನಗೆ ಯಾವ ಕುರಿಯ ಬೆಲೆಯೂ ಬೆರಳಿಗೆ ಬರುತ್ತಿಲ್ಲ.

ಈ ಕಾಗದವನ್ನು ನೀನು ವಿಚಾರಣೆಯವರಿಗೆ ಕೊಟ್ಟರೆ ಶಬ್ನಮ್ ಮೇಲಿನ ಕಳಂಕ ಹೋಗಬಹುದು. ಆದರೆ ಮೋಸ ಅಪ್ಪನದೆಂದ ಮೇಲೆ ಮಗಳಿಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ನಿನ್ನನ್ನು ಮತ್ತೆ ಮೇಜಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೊಡದಿದ್ದರೆ ಮುಂದಿನ ತಿಂಗಳು ನೀನು ಆಡಬಹುದು. ಕೊಡಬೇಡ ಎಂದು ಬರೆಯಲು ಕೈ ತುರಿಸುತ್ತಿದೆ, ಬರೆಯುವುದಿಲ್ಲ. ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿದ್ದೇನೆ. ಮುನ್ನೀ ಈಗಲೂ ಅದೇ ಶೆಡ್ಡಿನಲ್ಲಿದ್ದಾಳೆ, ಶಬ್ನಮ್‌ಗೆ ಭಾನುವಾರ ರಜೆ.

ಅಪ್ಪ ಎಂದು ಕರೆಯುವುದು ಬಿಡುವುದು ನಿನಗೆ ಬಿಟ್ಟದ್ದು,
ಚಿಕ್ಕರಾಜು

ಮತ್ತೊಂದು ಮಾತು: ಒಂದು ವಾರವಾದ ಮೇಲೆ ಲೆಕ್ಕ ಹಾಕಿದೆ ಎಂದು ಮೇಲೆ ಬರೆದದ್ದು ಸುಳ್ಳು. ಆರನೇ ಪುಸ್ತಕದ ಕೊನೆಯ ಹಾಳೆ ನೋಡು. ಆ ಕೂಡುವಿಕೆ ನಾಲ್ಕನೆಯ ಆಟಕ್ಕೂ ಐದನೆಯದಕ್ಕೂ ನಡುವೆ ಇದೆ. ಮಂಟಪದಲ್ಲಿ ನಿಂತೇ ಹಾಕಿದ್ದು. ಶಬ್ನಮ್‌ಗೂ ಲೆಕ್ಕ ಬರುತ್ತಿತ್ತು. ಕಲಸುವವರು ಕೂರುವ ಪರದೆಯ ಸಂದಿನಿಂದ ನನ್ನನ್ನು ನೋಡಿ, ಇನ್ನು ಬೇಡ ಅಲ್ಲವಾ ಎಂಬಂತೆ ತಲೆಯಾಡಿಸಿದಳು. ನಾನು ಹಾಕು ಎಂದು ಕೈಸನ್ನೆ ಮಾಡಿದೆ. ಗಂಗಹನುಮಯ್ಯನಿಗೆ ಕಳಿಸುವ ವಿಡಿಯೊದಲ್ಲಿ ಸೆಕೆಂಡಿನ ಮೊದಲ ಅಂಕಿ ನಾಲ್ಕು ಇರಬೇಕಿತ್ತು.

ಯಾರಿಗೆ ಏನು ಸಿಕ್ಕಿತು ಎಂದರೆ, ಮೈಸೂರಿನ ಹುಡುಗನಿಗೆ ಮೊದಲ ಸ್ಥಾನ. ಲೋಕೇಶನಿಗೆ ಅವನು ಒಪ್ಪಿದ ಹೆಣ್ಣು. ಶಬ್ನಮ್‌ಗೆ ಹಾರೋಹಳ್ಳಿ. ನಿನಗೆ ಎರಡು ವರ್ಷ, ಮತ್ತೆ ಈ ಚೀಲ. ನನಗೆ ಹದಿನೇಳು ಸೆಕೆಂಡಿನ ಒಂದು ವಿಡಿಯೊ. ಇನ್ನೂ ಅಳಿಸಿಲ್ಲ.