ಒಂದು ಬೆರಳು ಮರಳು

ಮನೆಯಿಂದ,
ಜೂನ್ ೧೦, ಸೋಮವಾರ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆದರೆ ಯಾರಿಗೋ ಬರೆದಂತಿರುತ್ತದೆ, ಅದಕ್ಕೇ ಮಗಳು. ಹೇಗಿದ್ದೀಯ? ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಏನಾದರೂ ತಿನ್ನುತ್ತೀಯೋ, ಬಂದವಳೇ ಹಾಸಿಗೆಗೆ ಬೀಳುತ್ತೀಯೋ? ನೀವು ನರ್ಸುಗಳು ಊರಿಗೆಲ್ಲ ಊಟದ ಪಾಠ ಹೇಳಿ, ನೀವು ಮಾತ್ರ ಚಹಾದಲ್ಲೇ ದಿನ ದೂಡುವವರು. ಇನ್ನೂ ಪೆಟ್ಟಿಗೆಯಿಂದಲೇ ಬಟ್ಟೆ ತೆಗೆದು ಹಾಕಿಕೊಳ್ಳುತ್ತೀಯಂತೆ. ಅದನ್ನು ಓದಿ ಸಮಾಧಾನವಾಗಲಿಲ್ಲ. ನನ್ನ ಮೊಣಕಾಲು ಹೇಗಿದೆ ಎಂದು ನೀನು ಕೇಳಿದ್ದೆ. ಮೂವತ್ತೆಂಟು ವರ್ಷ ಮಂಡಿಯೂರಿ ಜನರ ಮನೆಗೆ ಟೈಲ್ಸ್ ಹಾಕಿದ ಮೊಣಕಾಲು, ಕೂರುವಾಗ ಒಂದು ಮಾತು, ಏಳುವಾಗ ಎರಡು ಮಾತು ಆಡುತ್ತದೆ. ಈಗ ಈ ಮನೆಯಲ್ಲಿ ಮಾತಾಡುವುದು ಅದೊಂದೇ ಆದ್ದರಿಂದ ಬಾಯಿ ಮುಚ್ಚಿಸಲು ಹೋಗಿಲ್ಲ.

ಇನ್ನು ನಿನ್ನ ಮೀನುಗಳ ವಿಷಯ. ಹೊರಟ ದಿನ ನೀನು ಬಾಗಿಲಲ್ಲಿ ನಿಂತು ಹೇಳಿದ್ದೆ: "ಮಾವ, ಎರಡೇ ತಿಂಗಳು. ರೂಮ್ ಸಿಕ್ಕಿದ ತಕ್ಷಣ ತೊಟ್ಟಿ ತಗೊಂಡು ಹೋಗ್ತೀನಿ. ಅಲ್ಲೀವರೆಗೂ ತಳ ಖಾಲಿ ಇರ್ಲಿ, ಸಾಗಿಸೋಕೆ ಸುಲಭ." ಅದರಂತೆ ಗಾಜಿನ ತೊಟ್ಟಿಯ ತಳದಲ್ಲಿದ್ದ ಕಲ್ಲನ್ನೆಲ್ಲ ತೆಗೆದು ಬರಿಗಾಜು ಮಾಡಿದೆವು. ಆ ಎರಡು ತಿಂಗಳಿಗೆ ಈಗ ಹದಿನಾಲ್ಕು ತಿಂಗಳಾಯಿತು. ದೂರು ಹೇಳುತ್ತಿಲ್ಲ. "ಇನ್ನೆರಡೇ ದಿನ" ಎಂದು ನಾನೂ ಎಷ್ಟೋ ಸಂಸಾರಗಳನ್ನು ಅಡುಗೆಮನೆಯಿಲ್ಲದೆ ಕೂರಿಸಿದವನೇ. ಅಲ್ಲದೆ ಬರಿಗಾಜು ನನ್ನಂಥ ಸೋಮಾರಿಗೆ ಒಗ್ಗಿತ್ತು. ಹಿಕ್ಕೆ, ತಿನ್ನದೆ ಬಿಟ್ಟ ಕಾಳು ಎಲ್ಲ ಕಣ್ಣಿಗೆ ಕಾಣುತ್ತದೆ. ಪೈಪು ಹಾಕಿ ಎಳೆದರೆ ಐದು ನಿಮಿಷದಲ್ಲಿ ಲಕಲಕ.

ಹೋದ ತಿಂಗಳು ಸಾಕುಮೀನಿನ ಅಂಗಡಿಯವನು ಬಂದಿದ್ದ. ಅವನ ಅಂಗಡಿಗೆ ನೆಲ ಹಾಕಿದ್ದು ನಾನೇ, ಹಾಗಾಗಿ ಸಲಿಗೆ ಜಾಸ್ತಿ. ತೊಟ್ಟಿಗೆ ಮೂಗು ತಾಗಿಸಿ ನೋಡಿ, "ಯಜಮಾನ್ರೇ, ಬರಿಗಾಜು ನಮ್ಮ ಅಂಗಡಿಗೆ ಸರಿ, ಇವತ್ತು ಬಂದು ನಾಳೆ ಹೋಗೋ ಮೀನಿಗೆ. ಈ ಮೀಸೆಯವು ನೆಲ ಕೆದಕಿ ಬದುಕೋ ಜಾತಿ. ವರ್ಷದಿಂದ ಇವನ್ನ ಬಸ್‌ಸ್ಟ್ಯಾಂಡಲ್ಲಿ ಕೂರಿಸಿದ್ದೀರಲ್ಲ," ಎಂದ. ಸರಿ, ಎರಡು ಇಂಚು ಮರಳು ಹಾಕುತ್ತೇನೆ ಎಂದೆ. "ಅದರ ಮೇಲೆ ಟೈಲ್ಸ್ ಕೂರಿಸ್ತೀರಾ? ಒಂದು ಬೆರಳು ಸಾಕು. ದಪ್ಪ ಆದ್ರೆ ಕೆಳಗೆ ಕೊಳೆ ನಿಂತು ನಾರುತ್ತೆ." ನೆಲದ ವಿಷಯದಲ್ಲಿ ನನಗೇ ಪಾಠ.

ಆದರೂ ಮೂರು ವಾರ ಕೈ ಮುಂದೆ ಹೋಗಲಿಲ್ಲ. ಯಾಕೆಂದು ನಿನಗೆ ಮಾತ್ರ ಹೇಳುತ್ತೇನೆ, ನಗಬೇಡ. ತೊಟ್ಟಿ ಇರುವುದು ಕಪ್ಪು ಮೇಜಿನ ಮೇಲಲ್ಲವೇ? ಸಂಜೆ ದೀಪ ಹಾಕಿದರೆ ಬರಿಗಾಜಿನ ತಳದಲ್ಲಿ ಪ್ರತಿಯೊಂದು ಮೀನಿಗೂ ಅದರದೇ ಬಿಂಬ ಒಂದು ಜೋಡಿಯಾಗಿ ಕಾಣುತ್ತಿತ್ತು. ನಾಲ್ಕು ಮೀನು ಎಂಟಾಗುತ್ತಿದ್ದವು. ಈ ಮನೆಯಲ್ಲಿ ಮೂವರಿದ್ದೆವು. ನಮ್ಮ ಹುಡುಗ ಆ ಜ್ವರದಲ್ಲಿ ಹೋದ ಮೇಲೆ ಇಬ್ಬರಾದೆವು. ನೀನು ಕೆಲಸಕ್ಕೆ ಹೊರಟ ಮೇಲೆ ನಾನೊಬ್ಬ. ಇರುವುದಕ್ಕಿಂತ ಹೆಚ್ಚು ಕಾಣುತ್ತಿದ್ದದ್ದು ಅದೊಂದೇ. ತಟ್ಟೆ ಹಿಡಿದು ಅದರ ಮುಂದೆಯೇ ಕೂತು ಉಣ್ಣುತ್ತಿದ್ದೆ. ಆಮೇಲೆ ಸರಿಯಾಗಿ ಗಮನಿಸಿದೆ: ಅತಿ ಸಣ್ಣದು ಕೆಳಗಿಳಿದಾಗಲೆಲ್ಲ ತನ್ನದೇ ಬಿಂಬಕ್ಕೆ ಬೆಚ್ಚಿ ಮೂಲೆಗೆ ಓಡುತ್ತಿತ್ತು. ನಾನು ಮನೆ ತುಂಬಿದೆ ಎಂದುಕೊಂಡು ಕೂತಿದ್ದೆ, ಅದಕ್ಕೋ ಜೀವಭಯ.

ಗುರುವಾರ ಮರಳು ತಂದೆ. ಕೆಲಸದ ಮರಳಲ್ಲ, ಅದರಲ್ಲಿ ಸಿಮೆಂಟಿನ ಧೂಳಿರುತ್ತದೆ, ಅಂಗಡಿಯದೇ. ನೀರು ತಿಳಿಯಾಗುವವರೆಗೆ ಹದಿನಾಲ್ಕು ಸಲ ತೊಳೆದೆ. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಒಂದೇ ಬೆರಳು ಹರವಿ, ಪಟ್ಟಿಯೆಳೆದು ಸಮ ಮಾಡಿ, ನೆಲದ ಮಟ್ಟ ಅಳೆಯುವ ರಸಮಟ್ಟವನ್ನೂ ಇಟ್ಟು ನೋಡಿದೆ. ಅದರ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ನೀರು ತುಂಬಿಸಿ ಮೀನುಗಳನ್ನು ಮತ್ತೆ ಒಳಗೆ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕೂ ಸೇರಿ ಗುಡ್ಡ, ಹಳ್ಳ, ಕಾಲುವೆ ಎಲ್ಲ ಮಾಡಿಟ್ಟಿವೆ. ನನ್ನ ಕೆಲಸವನ್ನು ಇಷ್ಟು ಬೇಗ ಯಾರೂ ಕೆಡಿಸಿರಲಿಲ್ಲ. ಸಣ್ಣದು ಕಣ್ಣಿನವರೆಗೂ ಮೂತಿ ಹೂತು ಕಿವಿರಿನಿಂದ ಮರಳು ಬಿಡುತ್ತದೆ, ಓಡುವುದನ್ನು ಬಿಟ್ಟಿದೆ. ಈಗ ಎಷ್ಟು ಹೊತ್ತು ನೋಡಿದರೂ ನಾಲ್ಕೇ ಮೀನು. ರೂಢಿಯಾಗುತ್ತದೆ.

ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ವಾರ್ಡಿನಲ್ಲಿ ಮಲಗಿದವರೆಲ್ಲ ತಮ್ಮ ಕಾಲ ಮೇಲೆ ತಾವೇ ನಡೆದು ಮನೆ ಸೇರಲಿ ಎಂದು ಹರಸುವ

ನಿನ್ನ ಮಾವ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಿನ್ನ ಹಿಂದಿನ ಪತ್ರದಲ್ಲಿ ಆ ರಕ್ತಪರೀಕ್ಷೆ ಮಾಡುವವನ ಮಾತು ನಾಲ್ಕು ಸಲ ಬಂದಿದೆ. ಮೂರು ಸಲ ಅವನಿಲ್ಲದಿದ್ದರೂ ವಾಕ್ಯ ನಡೆಯುತ್ತಿತ್ತು. ಮೀನುಗಳು ಇಲ್ಲೇ ಇರುತ್ತವೆ, ನೀನು ತೊಟ್ಟಿಗೆಂದು ಬರಬೇಡ, ನನ್ನನ್ನು ನೋಡಲು ಬಾ. ಪೆಟ್ಟಿಗೆ ಬಿಚ್ಚಿ ಬಟ್ಟೆ ಜೋಡಿಸಿಡು. ನೀವಿಬ್ಬರೂ ಮನೆ ಮಾಡುವುದಾದರೆ ನೆಲದ ಕೆಲಸ ಬೇರೆಯವರಿಗೆ ಕೊಡಬೇಡಿ. ಮೊಣಕಾಲು ಏನು ಬೇಕಾದರೂ ಅನ್ನಲಿ, ನಾನೇ ಬಂದು ಹಾಕುತ್ತೇನೆ.