ಬೋರಲು ಬಿದ್ದವರ ‘ವಿಶ್ರಾಂತಿ’ಯ ಕುರಿತು ಕಲ್ಯಾಣಾಧಿಕಾರಿಗಳಿಗೆ

ಮಾಜಿ ಸೈನಿಕರ ಕಲ್ಯಾಣದ ಹೊಣೆ ಹೊತ್ತ ಮಾನ್ಯರೇ,

ನಿಮ್ಮ ಕಚೇರಿಯ ಮುಂಬಾಗಿಲ ಪಕ್ಕ ಆಳೆತ್ತರದ ಹೊಸ ಫೋಟೋ ತೂಗುಹಾಕಿದ್ದೀರಿ. ಹುಲ್ಲಿನ ಮೇಲೆ ಆರೇಳು ಜನ ಬೋರಲು ಬಿದ್ದಿದ್ದಾರೆ. ಕೆಳಗೆ ದಪ್ಪಕ್ಷರಗಳಲ್ಲಿ, ‘ಪ್ರಕೃತಿಯ ಮಡಿಲಲ್ಲಿ ವಿಶ್ರಮಿಸುತ್ತಿರುವ ನಮ್ಮ ಹೆಮ್ಮೆಯ ಯೋಧರು.’ ಎಡತುದಿಯ ಒಣ ಕಾಲುವೆಯಲ್ಲಿ ಮುಖ ಹುದುಗಿಸಿ, ಪಕ್ಕದವರ ತಲೆಗೆ ತಮ್ಮ ಕೈ ಅಡ್ಡ ಹಿಡಿದಿರುವವರು ನನ್ನ ಗಂಡ. ಅವರು ವಿಶ್ರಮಿಸುತ್ತಿರಲಿಲ್ಲ ಸ್ವಾಮಿ. ನೀವು ಹಾರಿಸಿದ ಡ್ರೋನ್ ತಲೆಯ ಮೇಲೆ ಗುಂಯ್‌ಗುಟ್ಟಿದಾಗ ಜೀವ ಉಳಿಸಿಕೊಳ್ಳಲು ನೆಲಕ್ಕೆ ಬಿದ್ದಿದ್ದರು. ಯುದ್ಧ ನೋಡಿ ಬಂದವರ ನೆತ್ತಿಯ ಮೇಲೆ ಅಂಥದ್ದನ್ನು ಹಾರಿಸಬಾರದೆಂಬ ಸಾಮಾನ್ಯ ಜ್ಞಾನಕ್ಕೂ ಮೇಲಿನಿಂದ ಸುತ್ತೋಲೆ ಬರಬೇಕೇ?

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಸೇನೆಯಿಂದ ಬಂದ ಮೇಲೆ ನನ್ನವರು ಅದರ ಹಿಂದಿನ ಕೋಣೆಯಲ್ಲಿ, ಬಾಗಿಲು ಕಾಣುವಂತೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಗಿರಾಕಿ ಬಂದರೆ ಬೆಚ್ಚುತ್ತಿದ್ದರು, ಕುಕ್ಕರ್ ಕೂಗಿದರೆ ಬೆವರುತ್ತಿದ್ದರು. ಮಾತ್ರೆ ನುಂಗಿಸಿದೆ, ಬೇಡಿಕೊಂಡೆ, ಜಗಳವಾಡಿದೆ. ಕೊನೆಗೆ ಅವರನ್ನು ಹೊರಗೆಳೆದದ್ದು ಅವರ ಜೊತೆ ಸೇನೆಯಲ್ಲಿ ಲಾರಿ ಓಡಿಸಿ ಈಗ ಬ್ರೆಡ್ ವ್ಯಾನ್ ಓಡಿಸುವ ಗೆಳೆಯ. “ಏನೂ ಮಾತಾಡೋದು ಬೇಡ ಕಣೋ, ಸುಮ್ನೆ ನಡೆಯೋಣ ಬಾ” ಅಂದರು. ಅಷ್ಟೇ. ಪ್ರತಿ ಭಾನುವಾರ ಇವರಂಥದ್ದೇ ನಾಲ್ಕೈದು ಮಾಜಿ ಸೈನಿಕರ ಜೊತೆ ವ್ಯಾನಿನಲ್ಲಿ ಕೆರೆಯವರೆಗೆ, ಅಲ್ಲಿಂದ ಏರಿಯ ಮೇಲೆ ಗುಡ್ಡದವರೆಗೆ ನಡಿಗೆ.

ಆ ನಡಿಗೆಗೂ ಒಂದು ಕ್ರಮವಿತ್ತು. ಅವರು ಗುಂಪಾಗಿ ನಡೆಯುವುದಿಲ್ಲ, ಒಬ್ಬರ ಹಿಂದೆ ಒಬ್ಬರು, ನಡುವೆ ಜಾಗ ಬಿಟ್ಟು ನಡೆಯುತ್ತಾರೆ. ಕೊನೆಯಲ್ಲಿ ಬರುವವರು ಆಗಾಗ ಹಿಂತಿರುಗಿ ನೋಡುತ್ತಾರೆ. ಅವರು ನೋಡುವುದರಿಂದ ಮುಂದಿರುವವರಿಗೆ ಮರ, ನೀರು, ಹಕ್ಕಿ ನೋಡಲು ಪುರುಸೊತ್ತು ಸಿಗುತ್ತದೆ. ನನ್ನವರು ಯಾವಾಗಲೂ ಕೊನೆಯಲ್ಲೇ, ಆ ಜಾಗ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಂದು ಭಾನುವಾರ ಬಂದವರೇ ಹೊಸ್ತಿಲಲ್ಲೇ ನಿಂತು, “ಇವತ್ತು ನಾನು ಮಧ್ಯದಲ್ಲಿ ನಡೆದೆ ಕಣೇ. ಕೊಕ್ಕರೆ ಮೀನು ಹಿಡಿಯೋದು ನೋಡಿದೆ” ಅಂದರು. ಹೊಲಿಯುತ್ತಿದ್ದ ರವಿಕೆ ಅಲ್ಲೇ ಬಿಟ್ಟು ಒಳಗೆ ಹೋಗಿ ಅತ್ತೆ. ಸಂತೋಷಕ್ಕೆ.

ಇದು ತಮ್ಮ ಕಿವಿಗೆ ಬಿತ್ತು, ನಮ್ಮ ಗ್ರಹಚಾರ. ಸರ್ಕಾರದ ಕೈ ಸೋಕದೆ ಯಾರಾದರೂ ಚೇತರಿಸಿಕೊಳ್ಳುವುದುಂಟೇ? ಕೂಡಲೇ ‘ಹೊರಾಂಗಣ ಮಾನಸಿಕ ಸ್ವಾಸ್ಥ್ಯ ಸಂವರ್ಧನಾ ಅಭಿಯಾನ’ ಹುಟ್ಟಿತು. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಮ್ಮವರು ಕೆರೆ ದಾಟಿರುತ್ತಿದ್ದರು. ಏರಿಯ ಮೇಲೆ ಶಾಮಿಯಾನ, ಹಾರ, ಧ್ವನಿವರ್ಧಕ. ಎಲ್ಲರಿಗೂ ಒಂದೇ ಬಣ್ಣದ ಟೋಪಿ. ಬ್ಯಾನರಿನ ಹಿಂದೆ ಭುಜಕ್ಕೆ ಭುಜ ತಾಗಿಸಿ ನಡೆಯಬೇಕಂತೆ, ಇಲ್ಲದಿದ್ದರೆ ಫ್ರೇಮಿಗೆ ಬರುವುದಿಲ್ಲವಂತೆ! ನೀವು ಮನಸ್ಸಿನ ನೆಮ್ಮದಿಯ ಬಗ್ಗೆ ಉದ್ದುದ್ದ ಭಾಷಣ ಬಿಗಿದಿರಿ. ಆಮೇಲೆ ಡ್ರೋನ್ ಎದ್ದಿತು. ಅವರೆಲ್ಲ ನೆಲಕ್ಕೆ ಬಿದ್ದಾಗ ನಿಮ್ಮ ಫೋಟೋಗ್ರಾಫರ್, “ಸೂಪರ್ ಸರ್, ಹಾಗೇ ಇರಿ!” ಎಂದು ಕೂಗಿದ. ತಾವು ಚಪ್ಪಾಳೆ ತಟ್ಟಿದಿರಿ. ನಾನು ಅಲ್ಲೇ ನಿಂತಿದ್ದೆ, ಕಣ್ಣಾರೆ ಕಂಡಿದ್ದೇನೆ.

ಫೋಟೋ ಇಳಿಸಿ ಎಂದು ಕೇಳಲು ಬಂದರೆ ನಿಮ್ಮ ಗುಮಾಸ್ತರು ನನ್ನನ್ನೇ ಸಮಾಧಾನ ಮಾಡಿದರು. “ಯಾಕಮ್ಮ ಬೇಜಾರು? ಮುಖ ಕಾಣಲ್ವಲ್ಲ. ನ್ಯಾಚುರಲ್ ಆಗಿ ಬಂದಿದೆ ಅಂತ ಸಾಹೇಬರಿಗೂ ತುಂಬಾ ಇಷ್ಟ.” ಸಾಹೇಬರ ರುಚಿಗೆ ಏನನ್ನುವುದು! ಮನುಷ್ಯ ಹೆದರಿ ಮಣ್ಣು ಕಚ್ಚಿರುವುದಕ್ಕೂ ಹಾಯಾಗಿ ಮಲಗಿರುವುದಕ್ಕೂ ವ್ಯತ್ಯಾಸ ತಿಳಿಯದವರ ಕೈಯಲ್ಲಿ ಇವರೆಲ್ಲರ ಕಲ್ಯಾಣವಿದೆ. ಇದಕ್ಕೆ ನಗುವುದೂ ನನ್ನಿಂದಾಗುತ್ತಿಲ್ಲ.

ಈಗ ಪ್ರತಿ ಭಾನುವಾರವೂ ಆ ಏರಿಯ ಮೇಲೆ ನಿಮ್ಮದೇ ಅಭಿಯಾನ. ನನ್ನವರು ಮತ್ತೆ ಕುರ್ಚಿಗೆ ಅಂಟಿದ್ದಾರೆ. ಕಳೆದ ವಾರ ಗೆಳೆಯ ವ್ಯಾನ್ ತಂದು ಹಾರ್ನ್ ಮಾಡದೆ ಕಾದರು. ಹೇಗೋ ಮನಸ್ಸು ಮಾಡಿ ಇವರು ಎದ್ದರು, ಶೂ ಹಾಕಿಕೊಂಡರು, ಲೇಸ್ ಕಟ್ಟಿದರು. ಆಮೇಲೆ ತಲೆ ಎತ್ತದೆ ಕೇಳಿದರು, “ಆಫೀಸಿನವರು ಬರ್ತಾರಾ?”

“ಗೊತ್ತಿಲ್ಲ ರೀ” ಅಂದೆ.

ಲೇಸ್ ಬಿಚ್ಚಿದರು.

ಹಾಗಾಗಿ ಮಾನ್ಯರೇ, ನನಗೆ ನಿಮ್ಮ ಅನುದಾನ ಬೇಡ, ಸನ್ಮಾನ ಬೇಡ, ಕ್ಷಮೆಯಂತೂ ಬೇಡವೇ ಬೇಡ, ಅದಕ್ಕೂ ನೀವು ಶಾಮಿಯಾನ ಹಾಕಿಸುತ್ತೀರಿ. ಆ ಫೋಟೋ ಇಳಿಸಿ. ಇನ್ನು ಮುಂದೆ ಭಾನುವಾರ ಕೆರೆಯ ಕಡೆ ನೀವಾಗಲಿ, ನಿಮ್ಮ ಕಚೇರಿಯ ನರಪಿಳ್ಳೆಯಾಗಲಿ ಸುಳಿಯುವುದಿಲ್ಲವೆಂದು ಸಹಿ ಹಾಕಿ, ಮೊಹರು ಒತ್ತಿ ಕಳಿಸಿ. ಅವರು ಮತ್ತೆ ಕೇಳಿದಾಗ “ಇಲ್ಲ ರೀ, ಯಾರೂ ಬರಲ್ಲ, ಹೋಗಿ ಬನ್ನಿ” ಎಂದು ನಾನು ಧೈರ್ಯವಾಗಿ ಹೇಳಬೇಕು.

ಇಂತಿ,
ತಮ್ಮ ಗೈರುಹಾಜರಿಯನ್ನೇ ಎದುರು ನೋಡುತ್ತಿರುವ
ಒಬ್ಬ ಮಾಜಿ ಸೈನಿಕರ ಹೆಂಡತಿ